ಮಂಗೋಲಿಯದ ಯಾತ್ರಿಕರಾದ ಜೇಮ್ಸ್ ಗಿಲ್ಮೋರ್

ಸುಗ್ಗಿ ಮುಗಿದ ಮೇಲೆ ಪಾರ್ವತಿನಗರದಿಂದ ಸಿರುಗುಪ್ಪದ ಕಡೆಗಾಗಲಿ ಕುರುಗೋಡಿನ ಕಡೆಗಾಗಲಿ ಹೋಗುವ ನಮ್ಮ ಓದುಗರು, ದಾರಿಯ ಬದಿಯ ಹೊಲಗಳಲ್ಲಿ ಕುರಿಹಿಂಡುಗಳನ್ನು ನಿಲ್ಲಿಸಿಕೊಂಡಿರುವ ಕುರುಬರನ್ನು ಕಂಡೇ ಇರುವರು. ಮೇವು ಇರುವಷ್ಟು ದಿನ ಒಂದು ಊರು, ತೀರಿದ ಮೇಲೆ ಮತ್ತೊಂದು ಊರು. ಹೆಗಲ ಮೇಲೆ ಕಂಬಳಿ, ತಲೆಯ ಮೇಲೆ ಆಕಾಶ, ಕಾವಲಿಗೆ ನಾಯಿ. ಇಂಥವರಿಗೆ ಸುವಾರ್ತೆಯನ್ನು ತಿಳಿಸಬೇಕೆಂದು ಹೊರಟ ಉಪದೇಶಿಯು ಯಾವ ಮನೆಯ ಬಾಗಿಲನ್ನು ತಟ್ಟಬೇಕು? ಇಂದು ಕೇಳಿದವನು ನಾಳೆ ಹತ್ತು ಹರದಾರಿ ಆಚೆಗೆ ಇರುವನು. ಹೀಗಿರಲು, ಒಂದು ದೇಶಕ್ಕೆ ದೇಶವೇ ಈ ಪ್ರಕಾರ ಹಿಂಡುಗಳ ಹಿಂದೆ ತಿರುಗುತ್ತಿದ್ದರೆ ಅಲ್ಲಿ ಒಬ್ಬಂಟಿಗನಾದ ಬೋಧಕನು ಏನು ಮಾಡಿಯಾನು? ಈ ಪ್ರಶ್ನೆಗೆ ತನ್ನ ಜೀವಮಾನವನ್ನೇ ಉತ್ತರವಾಗಿ ಕೊಟ್ಟ ಒಬ್ಬ ಮನುಷ್ಯರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಜೇಮ್ಸ್ ಗಿಲ್ಮೋರ್ ಎಂಬವರು ನಮಗೆ ತೀರ ಅನ್ಯರಲ್ಲ. ೧೮೧೦ರಲ್ಲಿ ಜಾನ್ ಹ್ಯಾಂಡ್ಸ್ ಎಂಬವರನ್ನು ನಮ್ಮ ಬಳ್ಳಾರಿಗೆ ಕಳುಹಿಸಿದ ಲಂಡನ್ ಮಿಷನ್ ಸಂಘವೇ ಅರುವತ್ತು ವರುಷಗಳ ಮೇಲೆ ಗಿಲ್ಮೋರರನ್ನು ಮಂಗೋಲಿಯಕ್ಕೆ ಕಳುಹಿಸಿತು. ಹ್ಯಾಂಡ್ಸರೂ ಅವರ ಜೊತೆಯವರೂ ಇಲ್ಲಿ ಕುಳಿತು ದೇವರ ವಾಕ್ಯವನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ ಕಾಲದಲ್ಲಿಯೇ ಅದೇ ಸಂಘದ ಬೇರೆ ಸೇವಕರು ಸೈಬೀರಿಯದ ಹಿಮದಲ್ಲಿ ಕುಳಿತು, ಮಂಗೋಲರ ಬಳಗಕ್ಕೆ ಸೇರಿದ ಬುರಿಯಾತರೆಂಬ ಜನರಿಗಾಗಿ ಆ ವಾಕ್ಯವನ್ನು ಮಂಗೋಲ ಭಾಷೆಗೆ ತಿರುಗಿಸುತ್ತಿದ್ದರು. ೧೮೪೦ರಲ್ಲಿ ರಷ್ಯದ ಸರಕಾರವು ಆ ಮಿಷನನ್ನು ನಿಲ್ಲಿಸಿತು. ಪುಸ್ತಕವು ಉಳಿಯಿತು, ಅದನ್ನು ಓದಿ ಹೇಳುವವರು ಉಳಿಯಲಿಲ್ಲ. ಆ ಕೆಲಸವನ್ನು ಚೀನದ ಕಡೆಯಿಂದ ಪುನಃ ಹಿಡಿಯುವುದೇ ಗಿಲ್ಮೋರರಿಗೆ ಬಿದ್ದ ಪಾಲಾಗಿತ್ತು.

ಇವರು ೧೮೪೩ನೆಯ ಜೂನ್ ೧೨ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದ ಹತ್ತಿರ ಕ್ಯಾತ್ಕಿನ್ ಎಂಬ ಸ್ಥಳದಲ್ಲಿ ಹುಟ್ಟಿದರು. ತಂದೆಯು ಬಂಡಿಯ ಗಾಲಿಗಳನ್ನು ಮಾಡುವ ಬಡಗಿಯಾಗಿದ್ದು ಮರದ ವ್ಯಾಪಾರವನ್ನೂ ನಡಿಸುತ್ತಿದ್ದನು. ಆರು ಮಂದಿ ಗಂಡುಮಕ್ಕಳಲ್ಲಿ ಇವರು ಮೂರನೆಯವರು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿ, ತರುವಾಯ ದೇವಶಾಸ್ತ್ರವನ್ನು ಕಲಿತು, ೧೮೭೦ನೆಯ ಫೆಬ್ರವರಿಯಲ್ಲಿ ಎಡಿನ್‌ಬರೋದಲ್ಲಿ ಅಭಿಷೇಕ ಹೊಂದಿ, ಅದೇ ತಿಂಗಳಲ್ಲಿ ಹಡಗನ್ನು ಹತ್ತಿದರು. ಮೇ ತಿಂಗಳಲ್ಲಿ ಪೀಕಿಂಗ್ ಪಟ್ಟಣವನ್ನು ಸೇರಿದರು.

ಅವರು ಹೋಗಿ ಸುಮಾರು ಒಂದು ತಿಂಗಳಾದ ಮೇಲೆ ತಿಯನ್‌ತ್ಸಿನ್ ಪಟ್ಟಣದಲ್ಲಿ ದೊಡ್ಡ ಗಲಭೆಯಾಗಿ ಅನೇಕ ಪರದೇಶಸ್ಥರು ಕೊಲ್ಲಲ್ಪಟ್ಟರು. ಪೀಕಿಂಗಿನಲ್ಲಿದ್ದವರಿಗೂ ಜೀವದ ಭಯವುಂಟಾಯಿತು. ಇಂಥ ಸಮಯದಲ್ಲಿ ಮನುಷ್ಯನು ಸಮುದ್ರತೀರದ ಕಡೆಗೆ, ಹಡಗುಗಳ ಕಡೆಗೆ, ಸ್ವಜನರ ಕಡೆಗೆ ಓಡುವುದು ಸಹಜ. ಗಿಲ್ಮೋರರು ಅದಕ್ಕೆ ತಿರುಗಾಗಿ ಒಳನಾಡಿನ ಕಡೆಗೆ ಹೊರಟರು. ಬಂದ ಕೆಲಸವು ಮಂಗೋಲರಲ್ಲಿರಲು ಇಲ್ಲಿ ಕುಳಿತು ಹೆದರುವುದರಲ್ಲಿ ಪ್ರಯೋಜನವೇನೆಂದು ಅವರು ಎಣಿಸಿದರು. ಭಾಷೆ ಬಾರದು, ದೇಶ ತಿಳಿಯದು, ಜೊತೆಗೆ ಮಿಷನಿನವರು ಯಾರೂ ಇಲ್ಲ. ಆಗಸ್ಟಿನಲ್ಲಿ ಪೀಕಿಂಗನ್ನು ಬಿಟ್ಟು, ದೊಡ್ಡ ಗೋಡೆಯ ಬಳಿಯಿರುವ ಕಲ್ಗನ್ ಪೇಟೆಯನ್ನು ಮುಟ್ಟಿ, ಅಲ್ಲಿಂದ ಒಬ್ಬ ರಷ್ಯದ ಅಂಚೆಯ ಅಧಿಕಾರಿಯ ಸಂಗಡ ಒಂಟೆಗಳೊಂದಿಗೆ ಗೋಬಿಯೆಂಬ ಮರುಭೂಮಿಯನ್ನು ದಾಟಿದರು. ಸುಮಾರು ಒಂದು ತಿಂಗಳ ಪ್ರಯಾಣ. ಸೆಪ್ಟೆಂಬರ್ ಕೊನೆಯಲ್ಲಿ ರಷ್ಯದ ಗಡಿಯ ಕಿಯಾಖ್ತಾ ಊರನ್ನು ಸೇರಿದರು.

ಮರುಭೂಮಿ ಎಂದ ಕೂಡಲೆ ಮರಳ ದಿಬ್ಬಗಳನ್ನೇ ನೆನಸಬಾರದು. ಗೋಬಿಯ ಹೆಚ್ಚು ಭಾಗವು ಬೆಣಚುಕಲ್ಲಿನ ಗಟ್ಟಿ ಬಯಲು. ಅಲ್ಲಲ್ಲಿ ಕುರುಚಲು ಹುಲ್ಲು, ಬಹುದೂರಕ್ಕೊಂದು ಬಾವಿ. ಅದರ ಉತ್ತರಕ್ಕೆ ಹೋದಂತೆ ಹುಲ್ಲುಗಾವಲು, ಬೆಟ್ಟ, ಹೊಳೆ. ಬೇಸಿಗೆಯಲ್ಲಿ ಸುಡುವ ಬಿಸಿಲು. ಚಳಿಗಾಲದಲ್ಲಿ ಹೊಳೆಯೇ ಕಲ್ಲಿನಂತೆ ಹೆಪ್ಪುಗಟ್ಟಿ ಬಂಡಿಗಳು ಅದರ ಮೇಲೆ ನಡೆಯುವವು. ನಮ್ಮ ಬಳ್ಳಾರಿಯ ಬಿಸಿಲನ್ನು ತಾಳಿದವರಿಗೆ ಮೊದಲನೆಯದು ಅರ್ಥವಾದೀತು. ಎರಡನೆಯದನ್ನು ನಾವು ನಂಬಿಕೆಯಿಂದ ಒಪ್ಪಿಕೊಳ್ಳಬೇಕು.

ಕಿಯಾಖ್ತಾದಲ್ಲಿ ಒಬ್ಬ ಸ್ಕಾಟ್ಲೆಂಡಿನ ವ್ಯಾಪಾರಿಯು ಇವರಿಗೆ ಆಶ್ರಯ ಕೊಟ್ಟನು. ಆದರೆ ಇವರ ರಹದಾರಿ ಪತ್ರವನ್ನು ರಷ್ಯದ ಅಧಿಕಾರಿಗಳು ಒಪ್ಪದ ಕಾರಣ ಮುಂದೆ ಹೋಗಲಾಗದೆ ಕಾಯಬೇಕಾಯಿತು. ಕಲಿಸುವ ಗುರುವು ಸರಿಯಾಗಿ ದೊರೆಯಲಿಲ್ಲ. ಒಂಟಿತನವು ಅವರನ್ನು ಬಹಳವಾಗಿ ಕುಗ್ಗಿಸಿತು. ಹೀಗಿದ್ದರೆ ಭಾಷೆಯು ಎಂದಿಗೂ ಬಾರದೆಂದು ತಿಳಿದು ಅವರು ಒಂದು ದಿನ ಬಯಲಿಗೆ ಹೋಗಿ, ಒಬ್ಬ ಲಾಮನ, ಅಂದರೆ ಬೌದ್ಧ ಸನ್ಯಾಸಿಯ, ಗುಡಾರದಲ್ಲಿ ಬಾಡಿಗೆಯ ಅತಿಥಿಯಾಗಿ ಇಳಿದುಕೊಂಡರು.

ಆ ಗುಡಾರವು ಹೇಗಿತ್ತೆಂದು ಹೇಳಬೇಕು. ಜಾಲರಿಯಂತೆ ಹೆಣೆದ ಮರದ ಕಡ್ಡಿಗಳ ದುಂಡು ಗೋಡೆ. ಅದರ ಮೇಲೆ ಛತ್ರಿಯ ಕಡ್ಡಿಗಳಂತೆ ಕೂಡಿಸಿದ ಗಳುಗಳು. ಎಲ್ಲಕ್ಕೂ ಹೊದಿಕೆಯಾಗಿ ಕುರಿಯ ಉಣ್ಣೆಯನ್ನು ನೆನಸಿ ಮಿದಿದು ಮಾಡಿದ ದಪ್ಪ ಕಂಬಳಿ. ಇದು ನಮ್ಮ ಕುರುಬರ ಕಂಬಳಿಯಂತೆ ಮಗ್ಗದಲ್ಲಿ ನೇಯ್ದದ್ದಲ್ಲ. ನಡುವೆ ಒಲೆ, ಮೇಲ್ಗಡೆ ಹೊಗೆ ಹೋಗಲು ಒಂದು ಕಂಡಿ. ಉರುವಲಿಗೆ ಬಯಲಿನಲ್ಲಿ ಬಿದ್ದಲ್ಲಿಯೇ ಒಣಗಿದ ಸಗಣಿ, ನಮ್ಮ ಅಡವಿಕುಳ್ಳಿನಂಥದು. ಇಟ್ಟಿಗೆಯ ಆಕಾರದಲ್ಲಿ ಒತ್ತಿದ ಚಹವನ್ನು ಕುಟ್ಟಿ, ಕುದಿಸಿ, ಸಕ್ಕರೆಗೆ ಬದಲಾಗಿ ಉಪ್ಪನ್ನೂ ಹಾಲನ್ನೂ ಹಾಕಿ ಕುಡಿಯುವರು. ಬಂದವರು ಯಾರೇ ಆಗಲಿ, ಒಂದು ಬಟ್ಟಲು ಚಹವನ್ನು ಕೊಡದೆ ಕಳುಹಿಸುವುದಿಲ್ಲ. ದೂರದಿಂದ ಬರುವವನು ಮೊದಲು ನಾಯಿಗಳನ್ನು ಹಿಡಿದುಕೊಳ್ಳಿರೆಂದು ಕೂಗಬೇಕು. ಒಳಗೆ ಬಂದ ಮೇಲೆ ದನಕರು ಕ್ಷೇಮವೋ, ಕುರಿಗಳು ಕ್ಷೇಮವೋ ಎಂದು ಕ್ರಮವಾಗಿ ವಿಚಾರಿಸಬೇಕು. ನಶ್ಯದ ಬುಡ್ಡಿಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಬೇಕು. ಆ ಮೇಲೆ ಮಾತು.

ಆ ಗುಡಾರದ ಮೂಲೆಯಲ್ಲಿ ಕುಳಿತು, ಬಂದುಹೋಗುವವರು ಆಡಿದ ಮಾತುಗಳನ್ನು ಕಿವಿಯಿಂದ ಹಿಡಿದು ಕಾಗದಕ್ಕೆ ಇಳಿಸಿಕೊಂಡು ಗಿಲ್ಮೋರರು ಮಂಗೋಲ ಭಾಷೆಯನ್ನು ಕಲಿತರು. ಪುಸ್ತಕದ ಭಾಷೆಯನ್ನಲ್ಲ, ಒಲೆಯ ಸುತ್ತಲಿನ ಭಾಷೆಯನ್ನು. ಸೆಮಿನೆರಿಯಲ್ಲಿ ಕಲಿತು ಹಳ್ಳಿಗೆ ಬಂದ ನಮ್ಮಂಥವರು ಇದನ್ನು ಓದಿದಾಗ ಸ್ವಲ್ಪ ನಾಚಿಕೆಪಟ್ಟೆವು. ಯಾಕಂದರೆ ನಮ್ಮ ಪ್ರಸಂಗವು ಮುಗಿದ ಮೇಲೆ, ಅಯ್ಯನವರು ಬಹಳ ಚೆನ್ನಾಗಿ ಹೇಳಿದರು, ಆದರೆ ಏನು ಹೇಳಿದರೋ ತಿಳಿಯಲಿಲ್ಲವೆಂದು ಅಜ್ಜಿಯೊಬ್ಬಳು ಹೇಳಿದ್ದನ್ನು ನಾವು ಮರೆತಿಲ್ಲ.

ಈ ಸಂಚಾರದ ಕಾಲದಲ್ಲಿ ಅವರು ಬೈಕಲ್ ಸರೋವರದ ಕಡೆಗೂ, ಹಳೆಯ ಮಿಷನಿನ ಸ್ಥಳವಾದ ಸೆಲೆಂಗಿನ್ಸ್ಕ್ ಊರಿಗೂ ಹೋದರು. ಅಲ್ಲಿ ಇದ್ದದ್ದು ಮಿಷನೆರಿ ಕುಟುಂಬದವರ ಸಮಾಧಿಗಳು. ಬಿತ್ತಿದವರು ಮಣ್ಣಿನಲ್ಲಿ ಮಲಗಿದ್ದರು. ಬೆಳೆ ಎಲ್ಲಿಯೂ ಕಾಣಲಿಲ್ಲ.

ಮುಂದಿನ ಹನ್ನೆರಡು ವರುಷಗಳಲ್ಲಿ ಗಿಲ್ಮೋರರು ಬೇಸಿಗೆಯನ್ನು ಬಯಲಿನಲ್ಲಿಯೂ ಚಳಿಗಾಲವನ್ನು ಪೀಕಿಂಗಿಗೆ ಬರುವ ಮಂಗೋಲರ ನಡುವೆಯೂ ಕಳೆದರು. ವೈದ್ಯ ವಿದ್ಯೆಯನ್ನು ಕಲಿತವರಲ್ಲದಿದ್ದರೂ ಕಜ್ಜಿ, ಕಣ್ಣುನೋವು, ಕೀಲುನೋವು ಇಂಥವುಗಳಿಗೆ ಔಷಧಗಳನ್ನು ಕೊಡುತ್ತಿದ್ದರು. ಮಂಗೋಲರ ರೂಢಿಯ ಪ್ರಕಾರ ವೈದ್ಯನು ರೋಗಿಯ ಎರಡು ಕೈಗಳ ನಾಡಿಯನ್ನೂ ಹಿಡಿದು ನೋಡಬೇಕು. ಒಂದು ಕೈಯನ್ನು ಹಿಡಿದು ಬಿಟ್ಟರೆ ಅರ್ಧ ರೋಗವನ್ನು ಮಾತ್ರ ಕಂಡಂತಾಗುವುದು.

ಒಂದು ಸಾರಿ ಕಣ್ಣಿಗೆ ಪೊರೆ ಬಂದಿದ್ದ ಒಬ್ಬ ರೋಗಿಯನ್ನು ಅವರು ಒಡಂಬಡಿಸಿ ಪೀಕಿಂಗಿನ ಆಸ್ಪತ್ರೆಗೆ ಕಳುಹಿಸಿದರು. ಶಸ್ತ್ರಕ್ರಿಯೆಯು ಫಲಿಸಲಿಲ್ಲ, ರೋಗಿಯು ಕುರುಡಾಗಿಯೇ ಹಿಂದಿರುಗಿದನು. ಪರದೇಶಸ್ಥನು ಅವನ ಕಣ್ಣಿನೊಳಗಿನ ರತ್ನವನ್ನು ಕದ್ದುಕೊಂಡನೆಂಬ ಸುದ್ದಿಯು ಬಯಲಿನಲ್ಲಿ ಹರಡಿತು. ಇದಲ್ಲದೆ, ಅವರು ಗುಡಾರಗಳಿಂದ ದೂರ ಸುಮ್ಮನೆ ನಡೆದಾಡಿದರೆ ಆ ನೆಲದ ಅದೃಷ್ಟವನ್ನು ಎತ್ತಿಕೊಂಡು ಹೋಗುತ್ತಾನೆಂದೂ, ಕುಳಿತು ಏನಾದರೂ ಬರೆದರೆ ದಂಡನ್ನು ತರುವುದಕ್ಕೆ ದೇಶದ ನಕ್ಷೆಯನ್ನು ಬರೆಯುತ್ತಾನೆಂದೂ ಜನರು ಸಂಶಯಪಡುತ್ತಿದ್ದರು. ಮಂಗೋಲರನ್ನು ಬೈದು ಪ್ರಯೋಜನವಿಲ್ಲ. ಹೊಸಬನು ಹಳ್ಳಿಗೆ ಬಂದು ಚೀಟಿಯಲ್ಲಿ ಏನನ್ನೋ ಬರೆದುಕೊಂಡರೆ ನಾವೂ ಕಂದಾಯದ ಯೋಚನೆಯನ್ನೇ ಮಾಡುವೆವಲ್ಲವೇ.

ಆ ಜನರ ಭಕ್ತಿಯನ್ನು ಗಿಲ್ಮೋರರು ಹಗುರವಾಗಿ ಕಾಣಲಿಲ್ಲ. ಈಗ ಉಲಾನ್‌ಬಾತರ್ ಎಂಬ ರಾಜಧಾನಿಯಾಗಿರುವ ಊರಿಗೆ ಆಗ ಉರ್ಗಾ ಎಂಬ ಹೆಸರಿತ್ತು. ಅಲ್ಲಿ ಬೀದಿಬೀದಿಗೆ ಮಂತ್ರಗಳನ್ನು ಒಳಗಿಟ್ಟ ಚಕ್ರಗಳಿದ್ದವು, ಹೋಗುವವರು ಬರುವವರು ಅವನ್ನು ತಿರುಗಿಸಿ ಪುಣ್ಯವನ್ನು ಕೂಡಿಸಿಕೊಳ್ಳುತ್ತಿದ್ದರು. ೧೮೭೨ರಲ್ಲಿ ಅವರು ಚೀನದ ವೂತಾಯ್ ಎಂಬ ಬೌದ್ಧ ಪರ್ವತಕ್ಕೆ ಎಡ್ಕಿನ್ಸ್ ಎಂಬ ಜೊತೆಗಾರರೊಂದಿಗೆ ಹೋದರು. ಆ ಪರ್ವತಕ್ಕೆ ಮಂಗೋಲರು ಬಹು ದೂರದಿಂದ ಯಾತ್ರೆ ಬರುವರು. ಪುಣ್ಯಕ್ಷೇತ್ರಗಳಿಗೆ ದಾರಿಯುದ್ದಕ್ಕೂ ನೆಲಕ್ಕೆ ಬಿದ್ದು, ಎದ್ದು, ಹಣೆ ತಗಲಿದಲ್ಲಿ ನಿಂತು ಮತ್ತೆ ಬಿದ್ದು, ಹೀಗೆ ದೇಹದಿಂದ ದಾರಿಯನ್ನು ಅಳೆಯುತ್ತ ಹೋಗುವವರೂ ಉಂಟು. ನಮ್ಮ ಸೀಮೆಯಲ್ಲಿ ಹರಕೆ ಹೊತ್ತು ದೀರ್ಘದಂಡ ಹಾಕುವವರನ್ನು ಕಂಡವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಕೆಲವರ ತಾಯಿಯರು ಹಾಗೆ ಮಾಡಿದವರೇ. ಇಷ್ಟು ಶ್ರಮಪಡುವ ಜನರಿಗೆ ಉಚಿತವಾದ ಕೃಪೆಯನ್ನು ಸಾರುವುದು ಸುಲಭವೆಂದು ದೂರದಲ್ಲಿರುವವರು ತಿಳಿಯುವರು. ಅದು ಸುಲಭವಲ್ಲ. ಶ್ರಮಪಟ್ಟು ಗಳಿಸಿದ್ದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಅವರ ವಿವಾಹದ ಸಂಗತಿಯನ್ನು ಕೇಳಿದರೆ ನಮ್ಮ ಹಿರಿಯರು ಸಂತೋಷಪಡುವರು. ಪೀಕಿಂಗಿನಲ್ಲಿ ಅವರ ಜೊತೆ ಕೆಲಸಗಾರರಾಗಿದ್ದ ಮೀಚ್ ಎಂಬವರ ಹೆಂಡತಿಗೆ ಎಮಿಲಿ ಪ್ರಾಂಕರ್ಡ್ ಎಂಬ ತಂಗಿಯಿದ್ದಳು. ಗಿಲ್ಮೋರರು ಅವಳ ಭಾವಚಿತ್ರವನ್ನು ಕಂಡು, ಅಕ್ಕನಿಂದ ಅವಳ ಗುಣಗಳನ್ನು ಕೇಳಿ, ಮುಖವನ್ನು ನೋಡದೆಯೇ ಇಂಗ್ಲೆಂಡಿಗೆ ಪತ್ರ ಬರೆದು ಕೇಳಿಕೊಂಡರು. ಅವಳೂ ಒಪ್ಪಿ ಸಮುದ್ರವನ್ನು ದಾಟಿ ಬಂದಳು. ೧೮೭೪ನೆಯ ಡಿಸೆಂಬರ್ ೮ರಂದು ಮದುವೆಯಾಯಿತು. ವಿಲಾಯಿತಿಯವರು ಬೆರಗಾದ ಈ ಕಾರ್ಯವು ನಮಗೆ ವಿಶೇಷವಾಗಿ ತೋರುವುದಿಲ್ಲ. ೧೮೭೬ರಲ್ಲಿ ಎಮಿಲಿಯಮ್ಮನವರು ಗಂಡನ ಸಂಗಡ ಬಯಲಿಗೆ ಹೋಗಿ ತಿಂಗಳುಗಟ್ಟಲೆ ಗುಡಾರದಲ್ಲಿ ವಾಸಿಸಿದರು. ಮಳೆಯಲ್ಲಿ ನೆಂದರು, ಗಾಳಿಯಲ್ಲಿ ನಡುಗಿದರು. ಬೆಳಗಿನಿಂದ ಸಂಜೆಯ ತನಕ ಬಾಗಿಲಲ್ಲಿ ನಿಂತು ನೋಡುವ ಜನರ ಎದುರಿನಲ್ಲಿಯೇ ಅಡಿಗೆ, ಊಟ ಎಲ್ಲವೂ ನಡೆಯಬೇಕಾಗಿತ್ತು. ಅವರೂ ಮಂಗೋಲ ಭಾಷೆಯನ್ನು ಕಲಿತರು.

೧೮೮೨ರಲ್ಲಿ ಗಿಲ್ಮೋರರು ರಜೆಯ ಮೇಲೆ ಸ್ವದೇಶಕ್ಕೆ ಹೋದರು. ಅಲ್ಲಿ ಬರೆದು ೧೮೮೩ರಲ್ಲಿ ಪ್ರಕಟಿಸಿದ ಮಂಗೋಲರ ಕುರಿತಾದ ಪುಸ್ತಕವು ಅವರನ್ನು ಪ್ರಸಿದ್ಧರನ್ನಾಗಿ ಮಾಡಿತು. ಪ್ರಯಾಣದ ಕಥೆಯನ್ನು ಬಯಸಿದ ಲೋಕದ ಜನರೂ ಅದನ್ನು ಮೆಚ್ಚಿ ಓದಿದರು. ಆದರೆ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಪುಸ್ತಕವು ಹೊರಟ ದಿನದ ತನಕ, ಹನ್ನೆರಡು ವರುಷಗಳ ಸೇವೆಗೆ ಫಲವಾಗಿ, ದೀಕ್ಷಾಸ್ನಾನ ಹೊಂದಿದ ಒಬ್ಬ ಮಂಗೋಲನನ್ನಾದರೂ ಅವರು ಕಂಡಿರಲಿಲ್ಲ.

ಚೀನಕ್ಕೆ ಹಿಂದಿರುಗಿ, ೧೮೮೪ರ ಚಳಿಯಲ್ಲಿ ಅವರು ಕಾಲ್ನಡೆಯಾಗಿ ಬಯಲಿಗೆ ಹೊರಟರು. ಒಂಟೆಯಿಲ್ಲ, ಕುದುರೆಯಿಲ್ಲ, ಸಾಮಾನನ್ನೆಲ್ಲ ಕೋಲಿಗೆ ಕಟ್ಟಿ ಹೆಗಲ ಮೇಲೆ ಹೊತ್ತರು. ಕುದುರೆಯ ಮೇಲೆಯೇ ಹುಟ್ಟಿ ಬೆಳೆಯುವ ಮಂಗೋಲರು ಇದನ್ನು ಕಂಡು ಬೆರಗಾದರು. ಒಂದು ರಾತ್ರಿ ಹೊಗೆ ತುಂಬಿದ ಕೋಣೆಯಲ್ಲಿ ಒಬ್ಬ ಲಾಮನೊಂದಿಗೆ ಅವರು ಮಾತನಾಡುತ್ತಿರುವಾಗ ಬೊಯಿಂಟೊ ಎಂಬ ಮತ್ತೊಬ್ಬನು ಒಲೆಯ ಬಳಿ ಕುಳಿತು ಕೇಳುತ್ತಿದ್ದನು. ಹೊಗೆಯಿಂದಾಗಿ ಅವನ ಮುಖವು ಕಾಣುತ್ತಿರಲಿಲ್ಲ. ಆ ಹೊಗೆಯೊಳಗಿಂದ ಅವನು, ತಾನು ಕೆಲವು ತಿಂಗಳುಗಳಿಂದ ಕ್ರಿಸ್ತನ ಬೋಧನೆಯನ್ನು ವಿಚಾರಿಸುತ್ತಿರುವೆನೆಂದೂ ಆತನನ್ನು ನಂಬಲು ಸಿದ್ಧನಾಗಿರುವೆನೆಂದೂ ಅರಿಕೆ ಮಾಡಿದನು. ಗಿಲ್ಮೋರರ ಪಾದಗಳು ಆಗ ನಡೆದು ನಡೆದು ಗಾಯವಾಗಿ ರಕ್ತ ಸುರಿಸುತ್ತಿದ್ದವು. ಆದರೂ ಅವನ ಸಂಗಡ ಒಂಟಿಯಾಗಿ ಮಾತನಾಡುವ ಸಮಯ ಸಿಕ್ಕಲೆಂದು ೨೩ ಮೈಲಿಗಳನ್ನು ನಡೆದರು. ದಾರಿಯಲ್ಲಿ ಯಾರೂ ಇಲ್ಲದ ಸ್ಥಳದಲ್ಲಿ ಇಬ್ಬರೂ ಕುಳಿತು ಪ್ರಾರ್ಥಿಸಿದರು. ಬೊಯಿಂಟೊವಿಗೆ ತರುವಾಯ ಕಲ್ಗನ್ ಪೇಟೆಯ ಅಮೆರಿಕದ ಮಿಷನೆರಿಗಳು ದೀಕ್ಷಾಸ್ನಾನವನ್ನು ಕೊಟ್ಟರು. ಹದಿನಾಲ್ಕು ವರುಷಗಳ ಬೆಳೆಯನ್ನು ಬೇರೆಯವರ ಕಣದಲ್ಲಿ ಒಕ್ಕಿದಂತಾಯಿತು. ಗಿಲ್ಮೋರರು ಅದಕ್ಕಾಗಿ ಹೊಟ್ಟೆಕಿಚ್ಚುಪಡಲಿಲ್ಲ. ಯಾವ ಸಭೆಯ ದಾಖಲೆಯಲ್ಲಿ ಹೆಸರು ಬರೆಯಬೇಕೆಂದು ಜಗಳವಾಡುವ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು.

೧೮೮೫ನೆಯ ಸೆಪ್ಟೆಂಬರ್ ೧೯ರಂದು ಎಮಿಲಿಯಮ್ಮನವರು ಕ್ಷಯರೋಗದಿಂದ ತೀರಿಹೋದರು. ಮೂರು ಗಂಡುಮಕ್ಕಳು ಉಳಿದವು. ಮರುವರುಷ ದೊಡ್ಡವರಿಬ್ಬರನ್ನು ತಂದೆಯು ವಿಲಾಯಿತಿಗೆ ಕಳುಹಿಸಿದರು. ಚಿಕ್ಕ ಮಗುವಾದ ಅಲೆಗ್ಸಾಂಡರನನ್ನು ಪೀಕಿಂಗಿನಲ್ಲಿ ದೊಡ್ಡಮ್ಮನ ವಶಕ್ಕೆ ಬಿಟ್ಟರು. ಅದೂ ೧೮೮೭ನೆಯ ಡಿಸೆಂಬರಿನಲ್ಲಿ ಸತ್ತಿತು. ಸೇವೆಗಾಗಿ ಮಕ್ಕಳನ್ನು ಅಗಲಿದ್ದು ಸರಿಯೋ ಎಂದು ಕೇಳುವವರಿದ್ದಾರೆ. ನಾವು ಮಕ್ಕಳುಳ್ಳವರು, ತೀರ್ಪು ಹೇಳಲು ನಮಗೆ ಧೈರ್ಯವಿಲ್ಲ. ಚೀನದ ಮುಸಾಫರಖಾನೆಗಳಲ್ಲಿ ಕುಳಿತು ದೂರದ ಆ ಇಬ್ಬರು ಹುಡುಗರಿಗೆ ಅವರು ಬರೆದ ಪತ್ರಗಳು ಉಳಿದುಬಂದಿವೆ ಎಂಬುದನ್ನು ಮಾತ್ರ ಹೇಳುವೆವು.

ಹೆಂಡತಿಯು ತೀರಿಕೊಂಡ ವರುಷದ ಡಿಸೆಂಬರಿನಲ್ಲಿಯೇ ಅವರು ತಮ್ಮ ಕ್ಷೇತ್ರವನ್ನು ಬದಲಾಯಿಸಿ ಪೂರ್ವ ಮಂಗೋಲಿಯಕ್ಕೆ ಹೋದರು. ಅಲ್ಲಿಯ ಮಂಗೋಲರು ತಿರುಗಾಟವನ್ನು ಬಿಟ್ಟು ಚೀನದವರ ನಡುವೆ ಹೊಲ ಉಳುತ್ತಿದ್ದರು. ಗಿಲ್ಮೋರರು ಚೀನದವರ ಬಟ್ಟೆಯನ್ನು ಧರಿಸಿ, ಮಾಂಸವನ್ನು ಬಿಟ್ಟು, ಬೀದಿಯಲ್ಲಿ ಮಾರುವ ಅಂಬಲಿಯನ್ನು ಕುಡಿದು, ಸಂತೆಗಳಲ್ಲಿ ಒಂದು ಗುಡಾರವನ್ನು ಹಾಕಿ ಔಷಧವನ್ನು ಕೊಡುತ್ತ ಬೋಧಿಸುತ್ತಿದ್ದರು. ಕಾಲ್ನಡೆಯಾಗಿ ಬರುವವನು ಭಿಕಾರಿಯೆಂದು ಮುಸಾಫರಖಾನೆಯವರು ಒಳಗೆ ಬಿಡದಿದ್ದ ಕಾರಣ ಒಂದು ಕತ್ತೆಯನ್ನು ಹೊಂದಿಸಿಕೊಂಡರು. ಅದು ಸಾಮಾನನ್ನೂ ಹೊತ್ತಿತು, ಯಜಮಾನನ ಮರ್ಯಾದೆಯನ್ನೂ ಹೊತ್ತಿತು.

ಮದ್ಯ, ಅಫೀಮು, ತಂಬಾಕು ಈ ಮೂರನ್ನೂ ಬಿಡದವರನ್ನು ಅವರು ಸಭೆಗೆ ಸೇರಿಸುತ್ತಿರಲಿಲ್ಲ. ಮೊದಲಿನ ಎರಡಕ್ಕೆ ಯಾರೂ ಎದುರು ಹೇಳಲಾರರು. ಮೂರನೆಯದರ ವಿಷಯದಲ್ಲಿ ಜೊತೆಯ ಮಿಷನೆರಿಗಳೇ ಅವರನ್ನು ಒಪ್ಪಲಿಲ್ಲ. ನಮ್ಮ ಅಭಿಪ್ರಾಯದಲ್ಲಿಯೂ ಕರ್ತನು ಹಾಕದ ಬೇಲಿಯನ್ನು ಅವರು ಬಾಗಿಲಲ್ಲಿ ಹಾಕಿದರು. ಇದನ್ನು ಓದಿ ನಮ್ಮ ಸಭೆಗಳ ಹಿರಿಯರಲ್ಲಿ ಕೆಲವರು ಬಾಯಲ್ಲಿಯ ಎಲೆಅಡಿಕೆಯನ್ನು ಒಂದು ಕಡೆಗೆ ಒತ್ತಿಕೊಂಡು ತಲೆದೂಗುವರೆಂದು ಬಲ್ಲೆವು. ಆದರೂ ಆ ಬೇಲಿಯನ್ನು ಹಾಕಿದವರು ಅದರೊಳಗೆ ತಾವೇ ಮೊದಲು ನಿಂತರೆಂಬುದನ್ನು ಮರೆಯಬಾರದು.

೧೮೮೬ರಲ್ಲಿ ಎಂಟು ತಿಂಗಳ ಕೆಲಸವನ್ನು ಅವರು ಲೆಕ್ಕ ಹಾಕಿ ಸಂಘಕ್ಕೆ ತಿಳಿಸಿದರು. ನೋಡಿದ ರೋಗಿಗಳು ೫,೭೧೭. ಸುವಾರ್ತೆಯನ್ನು ಕೇಳಿದವರು ಸುಮಾರು ೨೪,೦೦೦. ಮಾರಿದ ಪುಸ್ತಕಗಳು ಮೂರು ಸಾವಿರಕ್ಕೆ ಮೇಲ್ಪಟ್ಟು, ಹಂಚಿದ ಕರಪತ್ರಗಳು ೪,೫೦೦, ನಡೆದ ದಾರಿ ೧,೮೬೦ ಮೈಲಿ. ಕ್ರಿಸ್ತನನ್ನು ಬಹಿರಂಗವಾಗಿ ಒಪ್ಪಿಕೊಂಡವರು ಇಬ್ಬರು. ವರುಷದ ಕೊನೆಗೆ ವರದಿಯ ಪುಸ್ತಕವನ್ನು ತುಂಬುವಾಗ ದೀಕ್ಷಾಸ್ನಾನದ ಅಂಕಣಕ್ಕೆ ಬಂದ ಕೂಡಲೆ ನಮ್ಮ ಕೈ ನಿಂತುಬಿಡುವುದುಂಟು. ಅಲ್ಲಿ ಸೊನ್ನೆಯನ್ನು ಬರೆಯಲಾರದೆ, ವಿಚಾರಿಸುತ್ತಿರುವವರು ಹಲವರೆಂದು ಬರೆದು ಪುಟವನ್ನು ತಿರುಗಿಸಿದ್ದೇವೆ. ಗಿಲ್ಮೋರರು ಇಬ್ಬರೆಂದು ಬರೆದು ಕೆಳಗೆ ಗೆರೆ ಎಳೆದರು. ಮಾರನೆಯ ಸಂತೆಗೆ ಗುಡಾರವನ್ನು ಹೊತ್ತುಕೊಂಡು ಹೋದರು.

ತನಗೆ ಒಬ್ಬ ಜೊತೆಗಾರನು, ಅದರಲ್ಲಿಯೂ ವೈದ್ಯನು, ಬೇಕೆಂದು ಅವರು ವರುಷಗಟ್ಟಲೆ ಬೇಡಿಕೊಂಡಿದ್ದರು. ೧೮೮೮ನೆಯ ಮಾರ್ಚಿನಲ್ಲಿ ಡಾಕ್ಟರ್ ರಾಬರ್ಟ್ಸ್ ಎಂಬ ಯೌವನಸ್ಥರು ಬಂದು ಸೇರಿದರು. ಆದರೆ ಏಪ್ರಿಲ್ ಮೊದಲನೆಯ ದಿನ ತಿಯನ್‌ತ್ಸಿನ್ ಆಸ್ಪತ್ರೆಯ ಡಾಕ್ಟರ್ ಮೆಕೆಂಜಿಯವರು ತೀರಿಹೋದದ್ದರಿಂದ ಆ ಸ್ಥಾನಕ್ಕೆ ರಾಬರ್ಟ್ಸರನ್ನೇ ಕರಸಿಕೊಂಡರು. ಕೂಡಿದ್ದು ಸುಮಾರು ಒಂದು ತಿಂಗಳು. ಗಿಲ್ಮೋರರು ಪುನಃ ಒಂಟಿಯಾದರು. ಇತರ ಜೊತೆಗಾರರು ಬಂದದ್ದು ತಡವಾಗಿ. ೧೮೮೯ರಲ್ಲಿ ದೇಹವು ತೀರ ಬಳಲಿದ್ದರಿಂದ ಸ್ವದೇಶಕ್ಕೆ ಹೋಗಿ, ಮಕ್ಕಳನ್ನು ಕಂಡು, ಮರುವರುಷ ತಿರಿಗಿ ಬಂದರು.

೧೮೯೧ರ ಬೇಸಿಗೆಯ ಮೊದಲಲ್ಲಿ ಉತ್ತರ ಚೀನದ ಮಿಷನೆರಿಗಳ ವಾರ್ಷಿಕ ಕೂಟಕ್ಕಾಗಿ ಅವರು ತಿಯನ್‌ತ್ಸಿನ್ ಪಟ್ಟಣಕ್ಕೆ ಹೋದರು. ಅವರನ್ನೇ ಸಭಾಧ್ಯಕ್ಷರನ್ನಾಗಿ ಆರಿಸಿದರು. ಕೂಟವು ಮುಗಿಯುತ್ತಲೆ ವಿಷಮವಾದ ಟೈಫಸ್ ಜ್ವರವು ಬಂತು. ಕೊಡಲ್ಪಟ್ಟು ಹಿಂದಕ್ಕೆ ತೆಗೆಯಲ್ಪಟ್ಟ ಅದೇ ಡಾಕ್ಟರ್ ರಾಬರ್ಟ್ಸರು ಅವರ ಹಾಸಿಗೆಯ ಬಳಿ ಕುಳಿತು ಆರೈಕೆ ಮಾಡಿದರು. ಮೇ ೨೧ರಂದು, ನಾಲ್ವತ್ತೆಂಟು ವರುಷಗಳು ತುಂಬಲು ಇನ್ನೂ ಮೂರು ವಾರಗಳಿರಲಾಗಿ, ಗಿಲ್ಮೋರರು ಕರ್ತನಲ್ಲಿ ನಿದ್ರೆಹೋದರು.

ಅವರ ದೇಹವನ್ನು ಮಂಗೋಲಿಯದ ಬಯಲಿನಲ್ಲಿ ಹೂಳಲಿಲ್ಲ. ತಿಯನ್‌ತ್ಸಿನ್ ಪಟ್ಟಣದ ಶ್ಮಶಾನದಲ್ಲಿ ಡಾಕ್ಟರ್ ಮೆಕೆಂಜಿಯವರ ಸಮಾಧಿಗೆ ಹೆಚ್ಚು ದೂರವಲ್ಲದ ಸ್ಥಳದಲ್ಲಿ ಹೂಳಿದರು. ಚೀನದ ಕ್ರೈಸ್ತರು ತಮ್ಮ ಭಾಷೆಯಲ್ಲಿ ಹಾಡಿದರು. ಅವರಿಗೆ ಪ್ರಿಯರಾಗಿದ್ದ ಕೆಲವು ಚೀನದ ಹುಡುಗರು ಮುಂದೆ ಬಂದು, ಮಣ್ಣನ್ನು ಹಾಕುವುದಕ್ಕಿಂತ ಮೊದಲು, ಹಿಡಿಹಿಡಿಯಾಗಿ ಹೂವುಗಳನ್ನು ಸಮಾಧಿಯೊಳಗೆ ಹಾಕಿದರು.